ಹತ್ತರಿಂದ ಏಳಕ್ಕೆ: ಸೆಪ್ಟಿಕ್ ಶಾಕ್‌ನ ಮೊದಲ ಗಂಟೆಗಳಲ್ಲಿ ರಕ್ತ ಕೊಡುವ ಲೆಕ್ಕ

ಮೂತ್ರದ ಸೋಂಕು ಮೈಗೆಲ್ಲ ಹರಡಿದ 55 ವರ್ಷದ ಹೆಂಗಸೊಬ್ಬರನ್ನು ತುರ್ತು ಚಿಕಿತ್ಸಾ ವಿಭಾಗಕ್ಕೆ ತಂದಿದ್ದಾರೆ ಎಂದಿಟ್ಟುಕೊಳ್ಳಿ. ಬಿಪಿ 80/40, ನಾಡಿ ನಿಮಿಷಕ್ಕೆ 130, ಕರೆದರೆ ಸರಿಯಾಗಿ ಉತ್ತರವಿಲ್ಲ, ಅಂಗಾಂಗಗಳು ಸಂಕಟದಲ್ಲಿದ್ದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ 5. ಸೋಂಕಿಗೆ ದೇಹದ ಪ್ರತಿಕ್ರಿಯೆ ಹದ್ದುಮೀರಿ ಅಂಗಾಂಗಗಳು ಕೆಡುವುದು ಸೆಪ್ಸಿಸ್, ಅದರಲ್ಲಿ ಬಿಪಿಯೂ ಹೀಗೆ ಕುಸಿಯುವುದು ಸೆಪ್ಟಿಕ್ ಶಾಕ್. ಜೊತೆಗೆ ಹಿಮೋಗ್ಲೋಬಿನ್ 8.2 (100 ಮಿ.ಲೀ. ರಕ್ತದಲ್ಲಿ ಇಷ್ಟು ಗ್ರಾಂ). ಈ ಕೊನೆಯ ಅಂಕಿ ಕಂಡೊಡನೆ ಬರುವ ಮಾತು ಎಲ್ಲರಿಗೂ ಪರಿಚಿತ: "ರಕ್ತ ತುಂಬಾ ಕಡಿಮೆ ಇದೆ, ಎರಡು ಬಾಟಲಿ ವ್ಯವಸ್ಥೆ ಮಾಡಿಕೊಳ್ಳಿ." ಗಾಜಿನ ಬಾಟಲಿ ಹೋಗಿ ಪ್ಲಾಸ್ಟಿಕ್ ಚೀಲ ಬಂದು ದಶಕಗಳೇ ಆದರೂ ಬಾಟಲಿ ಎಂಬ ಮಾತು ಉಳಿದಿದೆ. ಹಿಮೋಗ್ಲೋಬಿನ್ ಅನ್ನು 10ಕ್ಕೆ ಏರಿಸಲೇಬೇಕೆಂಬ ನಂಬಿಕೆಯೂ ಹಾಗೇ ಉಳಿದುಕೊಂಡಿದೆ. ಮನೆಯವರು ರಕ್ತನಿಧಿಗೆ ಓಡುತ್ತಾರೆ, ದಾನಿಗಳಿಗಾಗಿ ಸಿಕ್ಕಸಿಕ್ಕವರಿಗೆ ಫೋನ್ ಮಾಡುತ್ತಾರೆ.

ಆ ಒಂದು ಗಂಟೆಯಲ್ಲಿ ನಿಜವಾಗಿ ಆಗಬೇಕಾದ ಕೆಲಸಗಳು ಬೇರೆ. ರೋಗಾಣು ಯಾವುದೆಂದು ಬೆಳೆಸಿ ನೋಡುವ ಬ್ಲಡ್ ಕಲ್ಚರ್‌ಗೆ ರಕ್ತ ತೆಗೆಯಬೇಕು, ತೆಗೆದ ಕೂಡಲೇ ಆ್ಯಂಟಿಬಯಾಟಿಕ್ ರಕ್ತನಾಳಕ್ಕೆ ಹೋಗಬೇಕು. ತೂಕದ ಪ್ರತಿ ಕೆ.ಜಿ.ಗೆ 30 ಮಿ.ಲೀ. ಲೆಕ್ಕದಲ್ಲಿ, ಅಂದರೆ 50 ಕೆ.ಜಿ. ತೂಗುವವರಿಗೆ ಸುಮಾರು ಒಂದೂವರೆ ಲೀಟರ್ ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ಡ್ರಿಪ್ ಶುರುವಾಗಬೇಕು. ಬಿಪಿ ಏರದಿದ್ದರೆ ರಕ್ತನಾಳ ಬಿಗಿಗೊಳಿಸುವ ನಾರ್‌ಅಡ್ರಿನಲಿನ್ ಔಷಧಿ ಶುರುಮಾಡಿ ಸರಾಸರಿ ಒತ್ತಡವನ್ನು 65ಕ್ಕೆ ತರಬೇಕು. (80/40 ಇದ್ದಾಗ ಸರಾಸರಿ ಒತ್ತಡ ಬರೀ 53.) ಕೆನಡಾ ಮತ್ತು ಅಮೆರಿಕದ 2,154 ಸೆಪ್ಟಿಕ್ ಶಾಕ್ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಪಿ ಕುಸಿದ ಮೊದಲ ಆರು ಗಂಟೆಗಳಲ್ಲಿ ಸರಿಯಾದ ಆ್ಯಂಟಿಬಯಾಟಿಕ್ ತಡವಾದ ಪ್ರತಿ ಗಂಟೆಗೂ ಬದುಕುಳಿಯುವ ಪ್ರಮಾಣ ಸರಾಸರಿ 7.6 ಶೇಕಡಾ ಇಳಿದಿತ್ತು. ರಕ್ತದ ವಿಷಯದಲ್ಲಿ ಇಂಥ ಯಾವ ಲೆಕ್ಕವೂ ಇಲ್ಲ. ರಕ್ತಸ್ರಾವವಾಗಲಿ ಹೃದಯಾಘಾತವಾಗಲಿ ಇಲ್ಲದಿದ್ದರೆ, 8.2 ಇರುವ ಈ ಹೆಂಗಸಿಗೆ ಈ ಹೊತ್ತಿನಲ್ಲಿ ರಕ್ತ ಬೇಡ.

ಹಾಗಾದರೆ 10 ಎಂಬ ಅಂಕಿ ಎಲ್ಲಿಂದ ಬಂತು? ಅದರ ಬೇರು ಅಮೆರಿಕದ ಡೆಟ್ರಾಯಿಟ್ ನಗರದ ಹೆನ್ರಿ ಫೋರ್ಡ್ ಆಸ್ಪತ್ರೆಯಲ್ಲಿದೆ. ಡಾ. ಇಮ್ಯಾನ್ಯುಯೆಲ್ ರಿವರ್ಸ್ ಮತ್ತು ಅವರ ತಂಡ ಅಲ್ಲಿನ ತುರ್ತು ವಿಭಾಗದಲ್ಲಿ 263 ರೋಗಿಗಳ ಮೇಲೆ ನಡೆಸಿದ ಪ್ರಯೋಗ 2001ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿಗೆ ಮೊದಲ ಆರು ಗಂಟೆ ಮೆಟ್ಟಿಲು ಮೆಟ್ಟಿಲಾಗಿ ಗುರಿ ಮುಟ್ಟುವ ಚಿಕಿತ್ಸೆ. ಮೊದಲು ದ್ರವ ಕೊಟ್ಟು ಕೇಂದ್ರ ಅಭಿಧಮನಿಯ (ಹೃದಯಕ್ಕೆ ರಕ್ತ ಮರಳಿಸುವ ದೊಡ್ಡ ನಾಳದ) ಒತ್ತಡವನ್ನು 8ರಿಂದ 12ಕ್ಕೆ ತರುವುದು, ಆಮೇಲೆ ಔಷಧಿಯಿಂದ ಬಿಪಿ ನಿಲ್ಲಿಸುವುದು. ಅಷ್ಟಾದರೂ ಹೃದಯಕ್ಕೆ ಮರಳುವ ರಕ್ತದಲ್ಲಿ ಆಮ್ಲಜನಕ 70 ಶೇಕಡಾ ಮುಟ್ಟದಿದ್ದರೆ ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) 30 ಆಗುವವರೆಗೆ, ಅಂದರೆ ಹಿಮೋಗ್ಲೋಬಿನ್ ಸುಮಾರು 10 ಆಗುವವರೆಗೆ ರಕ್ತ ಕೊಡುವುದು. ಅದಕ್ಕೂ ಬಗ್ಗದಿದ್ದರೆ ಹೃದಯದ ತಳ್ಳುವಿಕೆ ಹೆಚ್ಚಿಸುವ ಡೊಬ್ಯುಟಮಿನ್. ಮೊದಲ ಆರು ಗಂಟೆಗಳಲ್ಲಿ ಈ ಗುಂಪಿನ 64 ಶೇಕಡಾ ರೋಗಿಗಳಿಗೆ ರಕ್ತ ಹೋಯಿತು, ಎಂದಿನ ಚಿಕಿತ್ಸೆಯ ಗುಂಪಿನಲ್ಲಿ 18.5 ಶೇಕಡಾ ಮಂದಿಗೆ. ಸಾವಿನ ಪ್ರಮಾಣ 46.5ರಿಂದ 30.5 ಶೇಕಡಾಗೆ ಇಳಿಯಿತು.

ತೀವ್ರ ನಿಗಾ ಚಿಕಿತ್ಸೆಯಲ್ಲಿ ಇಷ್ಟು ದೊಡ್ಡ ಇಳಿಕೆ ಅಪರೂಪ. ಹಾಗಾಗಿ 2004ರಲ್ಲಿ ಬಂದ ಸೆಪ್ಸಿಸ್ ಚಿಕಿತ್ಸೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಸರ್ವೈವಿಂಗ್ ಸೆಪ್ಸಿಸ್ ಈ ಕ್ರಮಗಳ ಇಡೀ ಕಟ್ಟನ್ನು ಎತ್ತಿಕೊಂಡಿತು. ಇಲ್ಲೊಂದು ವಿಚಿತ್ರವೂ ಸೇರಿಕೊಂಡಿತು. ಐಸಿಯು ರೋಗಿಗಳಿಗೆ 7ಕ್ಕಿಂತ ಕೆಳಗಿಳಿದಾಗ ರಕ್ತ ಕೊಟ್ಟರೆ ಸಾಕೆಂದು ಕೆನಡಾದ 838 ರೋಗಿಗಳ ಪ್ರಯೋಗ 1999ರಲ್ಲೇ ತೋರಿಸಿತ್ತು. ಅದನ್ನೂ ಬಿಡಲಾಗಲಿಲ್ಲ, ಇದನ್ನೂ ಬಿಡಲಾಗಲಿಲ್ಲ. ಆದ್ದರಿಂದ ಆರಂಭದ ಚೇತರಿಕೆಯ ಹಂತದಲ್ಲಿ 10, ಅದು ಮುಗಿದ ಮೇಲೆ 7 ಎಂಬ ಎರಡು ಗೆರೆಗಳು ಒಂದೇ ಪುಸ್ತಿಕೆಯಲ್ಲಿ ಕೂತವು. ಬೆಳಗ್ಗೆ ಎಂಟಕ್ಕೆ ರಕ್ತ ಬೇಕಾಗಿದ್ದ ಅದೇ ದೇಹಕ್ಕೆ ಮಧ್ಯಾಹ್ನ ಮೂರಕ್ಕೆ ಬೇಡವಾಗುವುದು ಯಾಕೆ ಎಂಬುದಕ್ಕೆ ಶರೀರಶಾಸ್ತ್ರದಲ್ಲಿ ಗಟ್ಟಿ ಉತ್ತರವಿರಲಿಲ್ಲ. ಕಟ್ಟಿನಲ್ಲಿದ್ದ ನಾಲ್ಕೈದು ಸಂಗತಿಗಳ ಪೈಕಿ ಯಾವುದು ಜೀವ ಉಳಿಸಿತು ಎಂದು ರಿವರ್ಸ್ ಪ್ರಯೋಗದಿಂದ ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಬೇಗ ಗುರುತಿಸಿದ್ದೇ, ದ್ರವವೇ, ಪಕ್ಕದಲ್ಲೇ ನಿಂತು ನೋಡಿಕೊಂಡದ್ದೇ, ರಕ್ತವೇ?

ಉತ್ತರಕ್ಕೆ 13 ವರ್ಷ ಕಾಯಬೇಕಾಯಿತು. ಆಗ ಬಂದದ್ದು ಮೂರು ಪ್ರಯೋಗಗಳು: 2014ರಲ್ಲಿ ಅಮೆರಿಕದ 31 ಆಸ್ಪತ್ರೆಗಳ ಪ್ರೊಸೆಸ್, ಅದೇ ವರ್ಷ ಹೆಚ್ಚಾಗಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ 51 ಕೇಂದ್ರಗಳ ಅರೈಸ್, 2015ರಲ್ಲಿ ಇಂಗ್ಲೆಂಡಿನ 56 ಆಸ್ಪತ್ರೆಗಳ ಪ್ರಾಮಿಸ್. ಮೂರೂ ರಿವರ್ಸ್ ಪದ್ಧತಿಯನ್ನು ಆ ಹೊತ್ತಿಗೆ ರೂಢಿಯಲ್ಲಿದ್ದ ಚಿಕಿತ್ಸೆಯ ಜೊತೆ ಹೋಲಿಸಿದವು, ಮೂರರಲ್ಲೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅರೈಸ್‌ನಲ್ಲಿ 18.6 ಮತ್ತು 18.8 ಶೇಕಡಾ, ಪ್ರಾಮಿಸ್‌ನಲ್ಲಿ 29.5 ಮತ್ತು 29.2. ರಕ್ತ ಮಾತ್ರ ಪ್ರತಿ ಪ್ರಯೋಗದಲ್ಲೂ ರಿವರ್ಸ್ ಪದ್ಧತಿಯ ಗುಂಪಿಗೆ ಸುಮಾರು ಎರಡು ಪಟ್ಟು ಹೋಗಿತ್ತು. ನಮ್ಮ ಪ್ರಶ್ನೆಗೆ ತೀರ ಹತ್ತಿರದ್ದು ಪ್ರೊಸೆಸ್‌ನ ಮೂರನೆಯ ಗುಂಪು. ಅಲ್ಲಿ ಹಿಮೋಗ್ಲೋಬಿನ್ 7.5ಕ್ಕಿಂತ ಕೆಳಗಿಳಿದರೆ ಮಾತ್ರ ರಕ್ತ ಎಂಬ ನಿಯಮವಿತ್ತು. 60 ದಿನಗಳಲ್ಲಿ ಸತ್ತವರು ಆ ಗುಂಪಿನಲ್ಲಿ 18.2 ಶೇಕಡಾ, 10ರ ಗುರಿಯಿದ್ದ ಗುಂಪಿನಲ್ಲಿ 21.

ಇದರಿಂದ ರಿವರ್ಸ್ ತಪ್ಪು ಹೇಳಿದರು ಎಂದಾಗುವುದಿಲ್ಲ. ಅವರ ರೋಗಿಗಳಲ್ಲಿ ಹೃದಯಕ್ಕೆ ಮರಳುವ ರಕ್ತದ ಆಮ್ಲಜನಕ ಬರುವಾಗಲೇ ಸುಮಾರು 49 ಶೇಕಡಾಗೆ ಕುಸಿದಿತ್ತು. ನಂತರದ ಮೂರು ಪ್ರಯೋಗಗಳಲ್ಲಿ ಅದು ಆರಂಭದಲ್ಲೇ 70ರ ಆಸುಪಾಸಿನಲ್ಲಿತ್ತು, ಯಾಕೆಂದರೆ ಅಷ್ಟರಲ್ಲಿ ಜಗತ್ತು ಸೆಪ್ಸಿಸ್ ಅನ್ನು ಬೇಗ ಗುರುತಿಸಿ ದ್ರವ ಮತ್ತು ಆ್ಯಂಟಿಬಯಾಟಿಕ್ ಕೊಡಲು ಕಲಿತಿತ್ತು. ಆ ಪಾಠಕ್ಕೆ ರಿವರ್ಸ್ ಅವರೇ ಬಹುಮಟ್ಟಿಗೆ ಕಾರಣ.

ರಕ್ತದ ಪ್ರಶ್ನೆಯನ್ನು ಮಾತ್ರ ಪ್ರತ್ಯೇಕವಾಗಿ ಎತ್ತಿಕೊಂಡದ್ದು ಟ್ರಿಸ್ ಪ್ರಯೋಗ. ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಫಿನ್ಲೆಂಡ್ ದೇಶಗಳ 32 ಐಸಿಯುಗಳಲ್ಲಿ ಸೆಪ್ಟಿಕ್ ಶಾಕ್ ಆಗಿ ಹಿಮೋಗ್ಲೋಬಿನ್ 9 ಅಥವಾ ಅದಕ್ಕಿಂತ ಕಡಿಮೆಯಾದ ಸುಮಾರು ಸಾವಿರ ಮಂದಿ. ಅರ್ಧದಷ್ಟು ಜನರಿಗೆ 9ಕ್ಕೆ ಇಳಿದಾಗ ರಕ್ತ, ಉಳಿದವರಿಗೆ 7ಕ್ಕೆ ಇಳಿದಾಗ. ಒಂದು ಸಲಕ್ಕೆ ಒಂದೇ ಚೀಲ, ಅದೂ ಬಿಳಿರಕ್ತಕಣ ತೆಗೆದದ್ದು. 90 ದಿನಗಳಲ್ಲಿ 7ರ ಗುಂಪಿನಲ್ಲಿ 43 ಶೇಕಡಾ, 9ರ ಗುಂಪಿನಲ್ಲಿ 45 ಶೇಕಡಾ ಸಾವು. ಅಂಗಗಳಿಗೆ ರಕ್ತ ಸಾಲದೆ ಆಗುವ ತೊಂದರೆಗಳು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಖರ್ಚಾದ ರಕ್ತ 7ರ ಗುಂಪಿನಲ್ಲಿ 1,545 ಚೀಲ, 9ರ ಗುಂಪಿನಲ್ಲಿ 3,088. 7ರ ಗುಂಪಿನ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನರಿಗೆ ಒಂದು ಹನಿಯೂ ಬೇಕಾಗಲಿಲ್ಲ. ಟ್ರಿಸ್‌ಗೆ ಸೇರಿದವರು ಐಸಿಯು ತಲುಪಿದ ರೋಗಿಗಳು, ಹಾಗಾಗಿ ತೀರ ಮೊದಲ ಗಂಟೆಗಳ ಬಗ್ಗೆ ಅದೊಂದರಿಂದಲೇ ಹೇಳಲಾಗದು. ಆ ಅಂತರವನ್ನು ಪ್ರೊಸೆಸ್‌ನ ಮೂರನೆಯ ಗುಂಪು ತುಂಬುತ್ತದೆ. ಎರಡನ್ನೂ ಸೇರಿಸಿ ಓದಿದರೆ 7ರ ಗೆರೆ ಗಟ್ಟಿಯಾಗಿ ನಿಲ್ಲುತ್ತದೆ. 2016ರ ಮಾರ್ಗಸೂಚಿ ಆ ಗೆರೆಯನ್ನೇ ಎಳೆಯಿತು, 2021ರದ್ದೂ ಕೈ ಬಿಗಿಹಿಡಿದು ರಕ್ತ ಕೊಡುವ ಪದ್ಧತಿಯನ್ನೇ ಶಿಫಾರಸು ಮಾಡಿತು.

ರಕ್ತ ಆಮ್ಲಜನಕ ಒಯ್ಯುತ್ತದೆ, ಶಾಕ್‌ನಲ್ಲಿ ಅಂಗಾಂಗಗಳಿಗೆ ಆಮ್ಲಜನಕ ಸಾಲುತ್ತಿಲ್ಲ. ರಕ್ತ ಕೊಟ್ಟರೆ ಸರಿಹೋಗಬೇಕಲ್ಲ? ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿ.ಲೀ. ಆಮ್ಲಜನಕ ಹೊರುತ್ತದೆ. ಹಿಮೋಗ್ಲೋಬಿನ್ 8, ಆಮ್ಲಜನಕದ ಮಟ್ಟ 95 ಶೇಕಡಾ, ಹೃದಯ ನಿಮಿಷಕ್ಕೆ 5 ಲೀಟರ್ ತಳ್ಳುತ್ತಿದ್ದರೆ ಅಂಗಾಂಗಗಳತ್ತ ನಿಮಿಷಕ್ಕೆ ಸುಮಾರು 510 ಮಿ.ಲೀ. ಆಮ್ಲಜನಕ ಹೊರಡುತ್ತದೆ. ವಿಶ್ರಾಂತಿಯಲ್ಲಿರುವ ದೇಹ ಬಳಸುವುದು ಸುಮಾರು 250. ಒಂದು ಚೀಲ ಕೊಟ್ಟು ಹಿಮೋಗ್ಲೋಬಿನ್ 9 ಮಾಡಿದರೆ 510 ಇದ್ದದ್ದು 573 ಆಗುತ್ತದೆ. ಅದೇ ರೋಗಿಯ ಆಮ್ಲಜನಕದ ಮಟ್ಟ 85ಕ್ಕೆ ಇಳಿದಿದ್ದರೆ ಹೊರಡುತ್ತಿದ್ದುದು 455. ಮಾಸ್ಕ್ ಹಾಕಿ 95ಕ್ಕೆ ತಂದರೆ ಮತ್ತೆ 510, ಅಂದರೆ ಹತ್ತಿರ ಹತ್ತಿರ ಒಂದು ಚೀಲ ರಕ್ತದಷ್ಟೇ ಲಾಭ. ದ್ರವ ಮತ್ತು ಔಷಧಿಯಿಂದ ಹೃದಯದ ತಳ್ಳುವಿಕೆ 5ರಿಂದ 6 ಲೀಟರ್ ಆದರೆ 611.

ಇದು ಹೊರಡುವ ಆಮ್ಲಜನಕದ ಲೆಕ್ಕ ಮಾತ್ರ. ಸೆಪ್ಟಿಕ್ ಶಾಕ್‌ನ ಮೂಲ ತೊಡಕು ತಲುಪುವಲ್ಲಿ ಮತ್ತು ಬಳಸುವಲ್ಲಿ ಇದೆ. ರಕ್ತನಾಳಗಳು ಸಡಿಲಗೊಂಡು ಒತ್ತಡ ಬೀಳುತ್ತದೆ. ಕೂದಲೆಳೆಗಿಂತ ಸಣ್ಣ ಲೋಮನಾಳಗಳಲ್ಲಿ ಕೆಲವು ಮುಚ್ಚಿಕೊಂಡು, ಕೆಲವು ಅಡ್ಡದಾರಿಯಾಗಿ, ರಕ್ತ ಜೀವಕೋಶಗಳನ್ನು ಮುಟ್ಟದೆ ಹಿಂದಿರುಗುತ್ತದೆ. ಮುಟ್ಟಿದರೂ ಕೋಶದೊಳಗಿನ ಮೈಟೋಕಾಂಡ್ರಿಯಾ ಅದನ್ನು ಸರಿಯಾಗಿ ಬಳಸಿಕೊಳ್ಳುವುದಿಲ್ಲ. ಹೃದಯಕ್ಕೆ ಮರಳುವ ರಕ್ತದಲ್ಲಿ ಆಮ್ಲಜನಕ 80 ಶೇಕಡಾಕ್ಕೂ ಹೆಚ್ಚಿದ್ದು ಲ್ಯಾಕ್ಟೇಟ್ ಏರುತ್ತಲೇ ಇರುವ ರೋಗಿಗಳು ಇದಕ್ಕೆ ಸಾಕ್ಷಿ. ಬಾವಿಯಲ್ಲಿ ನೀರಿದೆ, ಕಾಲುವೆ ಹೂತುಹೋಗಿದೆ. ಮೇಲಾಗಿ ವಾರಗಟ್ಟಲೆ ಶೀತಲ ಪೆಟ್ಟಿಗೆಯಲ್ಲಿದ್ದ ಕೆಂಪು ಕಣಗಳು ಬಾಗದಷ್ಟು ಗಡುಸಾಗಿರುತ್ತವೆ, ಆಮ್ಲಜನಕ ಬಿಟ್ಟುಕೊಡಲು ನೆರವಾಗುವ 2,3-ಡಿಪಿಜಿ ಎಂಬ ವಸ್ತು ಅವುಗಳಲ್ಲಿ ಎರಡು ವಾರದೊಳಗೆ ಬಹುಪಾಲು ಕರಗಿರುತ್ತದೆ. ರೋಗಿಯ ಮೈಯಲ್ಲಿ ಅದು ಮತ್ತೆ ತುಂಬಿಕೊಳ್ಳಲು ಒಂದರಿಂದ ಮೂರು ದಿನ ಬೇಕು. ಮೊದಲ ಆರು ಗಂಟೆಯ ತುರ್ತಿಗೆ ಅದು ಒದಗುವುದಿಲ್ಲ.

ಹಾಗೆಂದು "ಫ್ರೆಶ್ ರಕ್ತವೇ ಬೇಕು" ಎಂದು ದಾನಿಯನ್ನು ಹಿಡಿದು ತರಬೇಕಿಲ್ಲ. ಹೊಸ ರಕ್ತ ಹಾಗೂ ಎಂದಿನಂತೆ ಶೇಖರಿಸಿದ ರಕ್ತವನ್ನು ಐಸಿಯು ರೋಗಿಗಳಲ್ಲಿ ಹೋಲಿಸಿದ, 2015ರಲ್ಲಿ ಪ್ರಕಟವಾದ ಏಬಲ್ ಪ್ರಯೋಗದಲ್ಲಿ 90 ದಿನಗಳ ಸಾವು ಹೊಸ ರಕ್ತದ ಗುಂಪಿನಲ್ಲಿ 37, ಇನ್ನೊಂದರಲ್ಲಿ 35.3 ಶೇಕಡಾ. ತಾಜಾ ಎಂಬುದಕ್ಕೆ ಯಾವ ಹೆಚ್ಚುಗಾರಿಕೆಯೂ ಸಿಗಲಿಲ್ಲ.

ಈಗ ಅಂಕಿಯ ಬಗ್ಗೆ. ಹಿಮೋಗ್ಲೋಬಿನ್ ವರದಿಯನ್ನು ನಂಬುವ ಮುನ್ನ ರಕ್ತ ಯಾವ ಕೈಯಿಂದ ತೆಗೆದರು ಎಂದು ಕೇಳಬೇಕು. ಡ್ರಿಪ್ ಓಡುತ್ತಿರುವ ಕೈಯಲ್ಲಿ, ಸೂಜಿಗಿಂತ ಮೇಲೆ ತೆಗೆದ ರಕ್ತದಲ್ಲಿ ಸಲೈನ್ ಬೆರೆತು 8 ಇದ್ದದ್ದು 6 ಎಂದು ಬರಬಹುದು. ಸರಿಯಾಗಿ ತೆಗೆದರೂ ಎರಡು ಲೀಟರ್ ದ್ರವ ಹೋದ ಮೇಲೆ ಒಂದು ಗ್ರಾಂ ಇಳಿಯುವುದು ಸಾಮಾನ್ಯ. ಅದು ರಕ್ತ ತೆಳುವಾದದ್ದು, ಸೋರಿಹೋದದ್ದಲ್ಲ. ಆದರೆ ಎಲ್ಲ ಇಳಿಕೆಯನ್ನೂ ತೆಳುವಾದ ಲೆಕ್ಕಕ್ಕೆ ಹಾಕಿ ಸುಮ್ಮನಾಗುವುದೂ ಅಪಾಯ. ಕಪ್ಪು ಮಲ, ಮೂಗಿನ ನಳಿಕೆಯಲ್ಲಿ ಕಾಫಿ ಬಣ್ಣದ ದ್ರವ, ಬಾಣಂತಿಯಲ್ಲಿ ನಿಲ್ಲದ ಸ್ರಾವ, ಉಬ್ಬುತ್ತಿರುವ ಹೊಟ್ಟೆ, ಇವನ್ನು ನೋಡಲೇಬೇಕು. ರಕ್ತ ಹರಿಯುತ್ತಿದ್ದರೆ 7ರ ಗೆರೆಗೆ ಬೆಲೆಯಿಲ್ಲ. ಆಗ ಎಷ್ಟು ಹೋಗುತ್ತಿದೆ ಎಂಬುದನ್ನು ನೋಡಿ ಕೊಡಬೇಕು, ಅಂಕಿಗಾಗಿ ಕಾಯಬಾರದು.

ಹೃದಯದ ವಿಚಾರವೂ ಬೇರೆ. ಟ್ರಿಸ್ ಪ್ರಯೋಗ ಹೃದಯಾಘಾತವಾಗುತ್ತಿದ್ದವರನ್ನು ಸೇರಿಸಿಕೊಂಡಿರಲಿಲ್ಲ. ಹೃದಯಾಘಾತ ಮತ್ತು ರಕ್ತಹೀನತೆ ಒಟ್ಟಿಗಿದ್ದ 3,504 ರೋಗಿಗಳ ಮಿಂಟ್ ಪ್ರಯೋಗದಲ್ಲಿ (2023) ಕೈ ಬಿಗಿಹಿಡಿದ ಗುಂಪಿನಲ್ಲಿ ಸಾವು ಅಥವಾ ಮರು ಹೃದಯಾಘಾತ 16.9 ಶೇಕಡಾ, 10ರ ಮೇಲಿಟ್ಟವರಲ್ಲಿ 14.5. ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಇದು ಸಾಬೀತಾದ ವ್ಯತ್ಯಾಸವಲ್ಲ, ಆದರೂ ಸೆಪ್ಸಿಸ್ ಜೊತೆ ಹೃದಯಾಘಾತ ಇದ್ದವರಲ್ಲಿ 7ಕ್ಕೆ ಇಳಿಯುವ ತನಕ ಕಾಯುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಹಳೆಯ ಹೃದ್ರೋಗವಿದ್ದು ಈಗ ಎದೆನೋವಿಲ್ಲದವರಿಗೆ 8ರ ಗೆರೆ ರೂಢಿಯಲ್ಲಿದೆ.

ಕರ್ನಾಟಕದಲ್ಲಿ ಮಳೆಗಾಲದ ಶಾಕ್ ಎಲ್ಲವೂ ಬ್ಯಾಕ್ಟೀರಿಯಾದ್ದಲ್ಲ ಎಂಬುದನ್ನೂ ನೆನಪಿಡಬೇಕು. ಡೆಂಗಿ ಶಾಕ್‌ನಲ್ಲಿ ರಕ್ತನಾಳದಿಂದ ಪ್ಲಾಸ್ಮಾ ಸೋರಿ ಹಿಮಟೋಕ್ರಿಟ್ ಏರುತ್ತದೆ, ಅಲ್ಲಿ ಬೇಕಾದದ್ದು ದ್ರವ. ಬಿಪಿ ಕುಸಿದಿರುವಾಗಲೇ ಹಿಮಟೋಕ್ರಿಟ್ ಸರ್ರನೆ ಇಳಿದರೆ ಒಳಗೆಲ್ಲೋ ರಕ್ತ ಹೋಗುತ್ತಿದೆ ಎಂದರ್ಥ, ಆಗ ತಡಮಾಡದೆ ರಕ್ತ ಕೊಡಬೇಕು. ಅದೇ ಇಳಿಕೆ ಮೂತ್ರದ ಸೋಂಕಿನ ರೋಗಿಯಲ್ಲಿ ಬರೀ ಸಲೈನ್‌ನ ಪರಿಣಾಮವಾಗಿರಬಹುದು.

ಇನ್ನೊಂದು ಸ್ಥಳೀಯ ಸಂಗತಿ ಹಳೆಯ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ 47.8 ಶೇಕಡಾ ಮಂದಿಗೆ ರಕ್ತಹೀನತೆ ಇದೆ. ತಿಂಗಳುಗಟ್ಟಲೆ 7.5ರಲ್ಲೇ ಓಡಾಡಿಕೊಂಡು ಹೊಲದ ಕೆಲಸ ಮಾಡಿದ ದೇಹ ಅದಕ್ಕೆ ಒಗ್ಗಿರುತ್ತದೆ. ಅಂಥವರಿಗೆ ಮೂರು ಲೀಟರ್ ದ್ರವದ ಮೇಲೆ ಎರಡು ಚೀಲ ರಕ್ತವನ್ನು ಗಡಿಬಿಡಿಯಲ್ಲಿ ಓಡಿಸಿದರೆ ಶ್ವಾಸಕೋಶಕ್ಕೆ ನೀರು ತುಂಬಬಹುದು. ಹೊರಗಿನ ಕ್ರಮವನ್ನು ಹಾಗೇ ತಂದು ಹೇರಿದರೆ ಏನಾಗಬಹುದು ಎಂಬುದಕ್ಕೆ ಜಾಂಬಿಯಾದ ಲುಸಾಕಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗ ನೋವಿನ ಉದಾಹರಣೆ. ಮೊದಲ ಆರು ಗಂಟೆಗಳಲ್ಲಿ ನಿಗದಿತ ಕ್ರಮದಂತೆ ದ್ರವ, ಬಿಪಿ ಏರಿಸುವ ಔಷಧಿ, 7ಕ್ಕಿಂತ ಕಡಿಮೆಯಿದ್ದರೆ ರಕ್ತ ಕೊಟ್ಟ ಗುಂಪಿನಲ್ಲಿ 48.1 ಶೇಕಡಾ ಸಾವು, ಎಂದಿನ ಆರೈಕೆಯಲ್ಲಿ 33. ಅಲ್ಲಿನ ರೋಗಿಗಳಲ್ಲಿ ಬಹುಪಾಲು ಎಚ್‌ಐವಿ ಇದ್ದವರು, ಉಸಿರಾಟ ಕೆಟ್ಟರೆ ವೆಂಟಿಲೇಟರ್ ಸಿಗುವುದು ದುರ್ಲಭ. ಹೊರೆ ಹೆಚ್ಚಾದರೆ ತಡೆದುಕೊಳ್ಳುವ ವ್ಯವಸ್ಥೆ ಇಲ್ಲದ ಕಡೆ ಹೊರೆಯನ್ನೇ ಕಡಿಮೆ ಮಾಡಬೇಕು.

ಕೊಡಲೇಬೇಕೆಂದು ತೀರ್ಮಾನವಾದಾಗ ಕೆಲಸ ಹೇಗೆ ನಡೆಯಬೇಕು? ಚೀಲದ ರಕ್ತ ರೋಗಿಗೆ ಹೊಂದುತ್ತದೆಯೇ ಎಂದು ನೋಡುವ ಕ್ರಾಸ್‌ಮ್ಯಾಚ್‌ಗೆ ತೆಗೆದ ರಕ್ತದ ಟ್ಯೂಬಿಗೆ ಹಾಸಿಗೆಯ ಪಕ್ಕದಲ್ಲೇ ಹೆಸರು, ಆಸ್ಪತ್ರೆ ಸಂಖ್ಯೆ ಬರೆಯಬೇಕು. ನಾಲ್ಕು ಟ್ಯೂಬ್ ಜೇಬಿಗಿಳಿಸಿಕೊಂಡು ಹೋಗಿ ನರ್ಸಿಂಗ್ ಸ್ಟೇಷನ್‌ನಲ್ಲಿ ಬರೆಯುವುದೇ ಗುಂಪು ಅದಲುಬದಲಾಗುವ ದೊಡ್ಡ ದಾರಿ. ಚೀಲ ಬಂದಾಗ ಇಬ್ಬರು ಸೇರಿ ರೋಗಿಯ ಕೈಪಟ್ಟಿ, ಚೀಲದ ಮೇಲಿನ ಸಂಖ್ಯೆ, ಗುಂಪು, ಅವಧಿ ಓದಿ ತಾಳೆ ನೋಡಬೇಕು. ಚೀಲದಲ್ಲಿ ಗಡ್ಡೆ, ಕಪ್ಪು ನೇರಳೆ ಬಣ್ಣ, ಸೋರಿಕೆ ಕಂಡರೆ ವಾಪಸ್. ಹಲವು ಕಡೆ ಸಂಬಂಧಿಕರೇ ಹೊರಗಿನ ರಕ್ತನಿಧಿಯಿಂದ ಚೀಲ ತರುತ್ತಾರೆ. ಅವರಿಗೆ ಐಸ್ ಪ್ಯಾಕ್ ಇರುವ ಡಬ್ಬಿ ಕೊಟ್ಟು ಕಳಿಸಬೇಕು, ಚೀಲ ನೇರವಾಗಿ ಮಂಜುಗಡ್ಡೆಗೆ ತಾಗಬಾರದು. ತಂದ ಚೀಲವನ್ನು ವಾರ್ಡಿನ ಫ್ರಿಜ್‌ನಲ್ಲಿಡುವುದು, ಬಿಸಿನೀರಿನಲ್ಲಿ ಅದ್ದುವುದು ಎರಡೂ ತಪ್ಪು. 30 ನಿಮಿಷದೊಳಗೆ ಶುರುಮಾಡಿ, 4 ಗಂಟೆಯೊಳಗೆ ಮುಗಿಸಬೇಕು. ರಕ್ತಸ್ರಾವವಿಲ್ಲದಿದ್ದರೆ ಎರಡು ಮೂರು ಗಂಟೆ ತೆಗೆದುಕೊಳ್ಳುವುದು ಒಳ್ಳೆಯದು.

ಲೈನ್ ಬಗ್ಗೆ ಎಚ್ಚರ ಬೇಕು. ರಿಂಗರ್ ಲ್ಯಾಕ್ಟೇಟ್‌ನಲ್ಲಿ ಕ್ಯಾಲ್ಸಿಯಂ ಇದೆ, ಅದೇ ನಳಿಕೆಯಲ್ಲಿ ರಕ್ತ ಓಡಿಸಿದರೆ ಚೀಲದಲ್ಲಿ ರಕ್ತ ಹೆಪ್ಪಾಗದಂತೆ ತಡೆಯುವ ಸಿಟ್ರೇಟ್‌ನ ಹಿಡಿತ ತಪ್ಪಿ ಹೆಪ್ಪುಗಟ್ಟಬಹುದು. ಡೆಕ್ಸ್‌ಟ್ರೋಸ್ ಜೊತೆ ಕೆಂಪು ಕಣಗಳು ಒಡೆಯುತ್ತವೆ. ನಾರ್ಮಲ್ ಸಲೈನ್ ಒಂದೇ ಹೊಂದುವ ದ್ರವ. ನಾರ್‌ಅಡ್ರಿನಲಿನ್ ಓಡುವ ನಳಿಕೆಗೆ ರಕ್ತ ಜೋಡಿಸಲೇಬಾರದು. ರಕ್ತದ ವೇಗ ಹೆಚ್ಚಿಸಿದಾಗ ಔಷಧಿ ಒಮ್ಮೆಲೇ ನುಗ್ಗಿ ಬಿಪಿ ಹಾರುತ್ತದೆ, ನಿಲ್ಲಿಸಿದಾಗ ಕುಸಿಯುತ್ತದೆ.

ಸೆಪ್ಸಿಸ್ ರೋಗಿಗೆ ರಕ್ತ ಕೊಡುವಾಗ ನಿಜವಾದ ಕಷ್ಟ ಇಲ್ಲಿಂದ ಮುಂದೆ. ರಕ್ತ ಒಗ್ಗದಿದ್ದರೆ ಬರುವ ಲಕ್ಷಣಗಳು ಜ್ವರ, ನಡುಕ, ಬಿಪಿ ಇಳಿಕೆ, ಏದುಸಿರು. ಈ ರೋಗಿಗೆ ಇವೆಲ್ಲ ಮೊದಲೇ ಇವೆ. ವೆಂಟಿಲೇಟರ್ ಮೇಲೆ ಮಂಪರಿನಲ್ಲಿರುವವರು ಬೆನ್ನು ನೋಯುತ್ತಿದೆ, ಚಳಿಯಾಗುತ್ತಿದೆ ಎಂದು ಹೇಳಲಾರರು. ತಪ್ಪು ಗುಂಪಿನ ರಕ್ತ ಹೋಗುತ್ತಿದ್ದರೆ ಗೊತ್ತಾಗುವುದು ನಾರ್‌ಅಡ್ರಿನಲಿನ್ ಪ್ರಮಾಣ ಕಾರಣವಿಲ್ಲದೆ ಏರಿಸಬೇಕಾಗಿ ಬಂದಾಗ, ಮೂತ್ರದ ಚೀಲ ಕೆಂಪಾದಾಗ, ಸೂಜಿ ಚುಚ್ಚಿದ ಜಾಗಗಳಿಂದ ರಕ್ತ ಜಿನುಗಿದಾಗ. ಹಾಗಾಗಿ ಶುರುಮಾಡುವ ಮುನ್ನ ಜ್ವರ, ನಾಡಿ, ಬಿಪಿ, ಆಮ್ಲಜನಕದ ಜೊತೆಗೆ ನಾರ್‌ಅಡ್ರಿನಲಿನ್ ಎಷ್ಟು ಓಡುತ್ತಿದೆ, ಮೂತ್ರದ ಬಣ್ಣವೇನು ಎಂಬುದನ್ನೂ ಬರೆದಿಡಬೇಕು. ಮೊದಲ 15 ನಿಮಿಷ ನಿಧಾನವಾಗಿ ಬಿಟ್ಟು ಪಕ್ಕದಲ್ಲೇ ನಿಲ್ಲಬೇಕು. ಈ 15 ನಿಮಿಷಕ್ಕೆ ಜನ ಇಲ್ಲದ ರಾತ್ರಿ ಪಾಳಿಯಲ್ಲಿ, ತುರ್ತಿಲ್ಲದ ರಕ್ತವನ್ನು ಬೆಳಗ್ಗೆಗೆ ಮುಂದೂಡುವುದೇ ಮೇಲು.

ಅನುಮಾನ ಬಂದೊಡನೆ ರಕ್ತ ನಿಲ್ಲಿಸಿ, ಹೊಸ ಸೆಟ್‌ನಲ್ಲಿ ಸಲೈನ್ ಹಾಕಿ ಸೂಜಿ ಉಳಿಸಿಕೊಳ್ಳಬೇಕು. ಗುರುತುಪಟ್ಟಿ ಮತ್ತೆ ತಾಳೆ ನೋಡಬೇಕು. ಚೀಲವನ್ನು ಸೆಟ್ ಸಮೇತ, ರೋಗಿಯ ಹೊಸ ರಕ್ತದ ಮಾದರಿಯ ಜೊತೆ ರಕ್ತನಿಧಿಗೆ ಕಳಿಸಬೇಕು, ರೋಗಿಯಿಂದಲೂ ಚೀಲದಿಂದಲೂ ಕಲ್ಚರ್ ಆಗಬೇಕು. ಭಾರತದ ಹಿಮೋವಿಜಿಲೆನ್ಸ್ ಕಾರ್ಯಕ್ರಮ 2012ರಿಂದ ಇಂಥ ಘಟನೆಗಳನ್ನು ದಾಖಲಿಸಿಕೊಳ್ಳುತ್ತಿದೆ. ವರದಿ ಕಳಿಸಲು ಯಾರೂ ಅಂಜಬೇಕಿಲ್ಲ.

ಉಸಿರಾಟ ಕೆಟ್ಟರೆ ಮೂವರು ಶಂಕಿತರು: ಹೊರೆ ಹೆಚ್ಚಾಗಿ ಶ್ವಾಸಕೋಶಕ್ಕೆ ನೀರು ತುಂಬಿದ್ದು, ದಾನಿಯ ಪ್ಲಾಸ್ಮಾದ ಪ್ರತಿಕಾಯಗಳಿಂದ ಶ್ವಾಸಕೋಶಕ್ಕೆ ಪೆಟ್ಟಾದದ್ದು, ಸೆಪ್ಸಿಸ್ ತಾನೇ ಮುಂದುವರಿದದ್ದು. ಮೊದಲನೆಯದರಲ್ಲಿ ಬಿಪಿ ಏರುತ್ತದೆ, ಕತ್ತಿನ ನರ ಉಬ್ಬುತ್ತದೆ, ಮೂತ್ರ ಹೆಚ್ಚಿಸುವ ಫ್ರುಸೆಮೈಡ್ ಕೊಟ್ಟರೆ ಸುಧಾರಿಸುತ್ತದೆ. ಎರಡನೆಯದು 6 ಗಂಟೆಯೊಳಗೆ ಬರುತ್ತದೆ, ಬಿಪಿ ಇಳಿಯುತ್ತದೆ, ಫ್ರುಸೆಮೈಡ್‌ನಿಂದ ಲಾಭವಿಲ್ಲ.

ಆದೇಶ ಪತ್ರದಲ್ಲಿ "2 ಪ್ಯಾಕ್ಡ್ ಸೆಲ್" (ಎರಡು ಚೀಲ ಕೆಂಪು ಕಣ) ಎಂದು ಒಟ್ಟಿಗೆ ಬರೆಯುವ ರೂಢಿಯನ್ನು ಬಿಡಬೇಕು. ಒಂದು ಚೀಲ ಹಿಮೋಗ್ಲೋಬಿನ್ ಅನ್ನು ಸುಮಾರು 1 ಗ್ರಾಂ ಏರಿಸುತ್ತದೆ. ನಮ್ಮಲ್ಲಿ 55 ಕೆ.ಜಿ.ಗಿಂತ ಕಡಿಮೆ ತೂಕದ ದಾನಿಗಳಿಂದ 350 ಮಿ.ಲೀ. ಮಾತ್ರ ತೆಗೆಯುವುದರಿಂದ ಅಂಥ ಚೀಲದಲ್ಲಿ ಏರಿಕೆ ಇನ್ನೂ ಕಡಿಮೆ. 6.6 ಇದ್ದವರಿಗೆ ಒಂದು ಚೀಲ ಸಾಕಾಗಬಹುದು. ಮುಗಿದ 15 ನಿಮಿಷಕ್ಕೇ ಮತ್ತೆ ಹಿಮೋಗ್ಲೋಬಿನ್ ನೋಡಬಹುದು, ಮರುದಿನದ ತನಕ ಕಾಯಬೇಕಿಲ್ಲ. ಜೊತೆಗೆ ಬೆರಳ ತುದಿಯನ್ನು 10 ಸೆಕೆಂಡ್ ಒತ್ತಿ ಬಿಟ್ಟು ಬಣ್ಣ 3 ಸೆಕೆಂಡಿನೊಳಗೆ ಮರಳುತ್ತದೆಯೇ, ಲ್ಯಾಕ್ಟೇಟ್ ಇಳಿದಿದೆಯೇ, ಮೂತ್ರ ಬರುತ್ತಿದೆಯೇ ಎಂದೂ ನೋಡಬೇಕು. 7 ದಾಟಿದ್ದರೆ ಕಾಯ್ದಿರಿಸಿದ ಎರಡನೆಯ ಚೀಲ ಬೇಡವೆಂದು ರಕ್ತನಿಧಿಗೆ ಫೋನ್ ಮಾಡಿ ಹೇಳಬೇಕು. ಹೇಳದಿದ್ದರೆ ಅದು ಆ ರೋಗಿಯ ಹೆಸರಿನಲ್ಲೇ ಕಟ್ಟಿಹಾಕಿಕೊಂಡು, ಪಕ್ಕದ ವಾರ್ಡಿನ ಬಾಣಂತಿಗೆ ಬೇಕಾದಾಗ ಸಿಗದೆ ಕೂತಿರುತ್ತದೆ.